ರಾಯರ ವೈಫೈ ಖಜಾನೆ

ನಿವೃತ್ತರಾದ ಮೇಲೆ ಮನೆಯ ವೈಫೈಗೆ ತಾವೇ ಅಧಿಕಾರಿಯಾಗುವ ಹಿರಿಯರು ಪ್ರತಿ ಬಡಾವಣೆಯಲ್ಲೂ ಇರುತ್ತಾರೆ. ನಮ್ಮ ಬೀದಿಗೆ ರಾಯರು. ಸರ್ವೀಸಿನುದ್ದಕ್ಕೂ ಸರ್ಕಾರಿ ಖಜಾನೆಯ ಬೀಗದ ಕೈ ಕಾದವರಿಗೆ ಈಗ ಕಾಯಲು ಉಳಿದಿರುವುದು ಟಿವಿ ಪಕ್ಕ ಹಸಿರು ದೀಪ ಮಿಟುಕಿಸುತ್ತಾ ಕೂತ ರೂಟರ್ ಒಂದೇ.

ಮೊದಲು ಪಾಸ್‌ವರ್ಡ್ ಅವರ ಮೊಬೈಲ್ ನಂಬರೇ ಆಗಿತ್ತು. ಡಬ್ಲ್ಯುಪಿಎ2 ರೂಟರಿಗೆ 8ರಿಂದ 63 ಅಕ್ಷರ ನಡೆಯುತ್ತದೆ. ಹತ್ತು ಅಂಕಿ ಕಾನೂನುಬದ್ಧವೇ. ಆದರೆ ಅದೇ ನಂಬರು ಗೇಟಿನಲ್ಲಿ 'ಮನೆ ಬಾಡಿಗೆಗಿದೆ' ಬೋರ್ಡಿನ ಕೆಳಗೆ ರಾರಾಜಿಸುತ್ತಿತ್ತು. "ಬೋರ್ಡ್ ತೆಗೆದರೂ ಅಷ್ಟೇ ಅಪ್ಪಾ," ಎಂದ ಮಗ. "ಫೋನು ರೂಟರಿಗೆ ಸೇರುವಾಗಿನ ಸಂಕೇತ ಹಿಡಿದುಕೊಂಡು ಹೋದರೆ, ಬರೀ ಅಂಕಿಗಳನ್ನು ಕಂಪ್ಯೂಟರ್ ಆರಾಮಾಗಿ ಹುಡುಕಿಬಿಡುತ್ತೆ."

ಮರುದಿನವೇ ಹೊಸ ಪಾಸ್‌ವರ್ಡ್ ಜಾರಿ. ಡಾಲರ್, ಹ್ಯಾಷ್, ಸೊನ್ನೆ, ಅದರ ಪಕ್ಕದಲ್ಲೇ ದೊಡ್ಡ 'ಓ'. ಟಿವಿ ರಿಮೋಟಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಅವರ ಮನೆಯಾಕೆಯ ಧಾರಾವಾಹಿ ಮುಗಿದೇ ಹೋಯಿತು. ಕೊನೆಗೆ ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಕೆಲಸದವಳು ಓದಿಬಿಟ್ಟರೆ? ಬೇಕೆಂದೇ ಎರಡಕ್ಷರ ತಪ್ಪು ಬರೆದರು. ಯಾವೆರಡು ಎಂಬುದು ಮೂರನೇ ದಿನಕ್ಕೆ ಅವರಿಗೇ ಮರೆತಿತ್ತು.

"ರೀ, ಡಿಕ್ಷನರಿ ಕೊಡಿ ಇಲ್ಲಿ," ಎಂದರು ಆಕೆ. ಕಣ್ಣು ಮುಚ್ಚಿ ಐದು ಕಡೆ ಪುಟ ತೆರೆದು, ಬೆರಳು ಬಿದ್ದಲ್ಲಿದ್ದ ಇಂಗ್ಲಿಷ್ ಪದಗಳನ್ನು ಚಿಕ್ಕಕ್ಷರದಲ್ಲಿ ಸಾಲಾಗಿ ಪೋಣಿಸಿದರು. ಚಿಹ್ನೆಗಿಂತ ಉದ್ದವೇ ಗಟ್ಟಿ ಎಂದು ಮಗನೂ ಒಪ್ಪಿದ. ರಿಮೋಟೂ ಒಪ್ಪಿತು. ರಾಯರು ಮಾತ್ರ ಎರಡು ದಿನ ಮುನಿಸಿಕೊಂಡಿದ್ದರು: ಅದರಲ್ಲಿ ಒಂದು ಪದ 'ಡಾಂಕಿ' ಆಗಿತ್ತು, ಅದು ಕಣ್ಣು ಮುಚ್ಚಿಯೇ ಸಿಕ್ಕಿದ್ದೆಂದು ಅವರಿಗೆ ನಂಬಿಕೆಯಿಲ್ಲ. ಇಷ್ಟೆಲ್ಲ ಆದಮೇಲೂ ರೂಟರಿನ ಸೆಟ್ಟಿಂಗ್ಸ್ ತೆರೆಯುವ ಪಾಸ್‌ವರ್ಡ್, ಕಂಪನಿಯವರು ಕೊಟ್ಟಿದ್ದ 'ಅಡ್ಮಿನ್' ಆಗಿಯೇ ಇತ್ತು. ಅದನ್ನು ಮಗ ಸದ್ದಿಲ್ಲದೆ ಬದಲಿಸಿ, ಬಂದುಹೋಗುವವರಿಗೆಂದು ಬೇರೆಯೇ ಒಂದು ಗೆಸ್ಟ್ ನೆಟ್‌ವರ್ಕ್ ಮಾಡಿಕೊಟ್ಟ.

ರಾಯರಿಗೆ ಈ ವ್ಯವಸ್ಥೆ ಬಹಳ ಹಿಡಿಸಿತು. ದೀಪಾವಳಿಗೆ ಬಂದ ಅಳಿಯ ಪಾಸ್‌ವರ್ಡ್ ಕೇಳಿದ್ದೇ ತಡ, ಗೆಸ್ಟಿನದನ್ನು ಗಟ್ಟಿಯಾಗಿ ಓದಿ ಹೇಳಿದರು.

"ಮದುವೆಯಾಗಿ ಆರು ವರ್ಷ ಆಯ್ತಲ್ಲಪ್ಪಾ," ಮಗಳ ಮುಖ ಊದಿತು. "ಇವರು ಇನ್ನೂ ಗೆಸ್ಟೇನಾ?"

"ಬೇಜಾರು ಮಾಡ್ಕೋಬೇಡ ಕಣಮ್ಮ," ರಾಯರು ದನಿ ತಗ್ಗಿಸಿದರು. "ಬೀಗರಿಗೆ ಅದೂ ಕೊಟ್ಟಿಲ್ಲ."