ಪುನಶ್ಛಾಯಾಗ್ರಹಣ ಮೀಮಾಂಸೆ

ಇಪ್ಪತ್ತರಲ್ಲಿ ಹಿಡಿದ ಕ್ಯಾಮೆರಾವನ್ನು ಸಂಸಾರದ ನಿಮಿತ್ತ ಅಟ್ಟಕ್ಕೇರಿಸಿ, ಅರವತ್ತರಲ್ಲಿ ಪಿಂಚಣಿಯ ಬಲದಿಂದ ಕೆಳಗಿಳಿಸುವ ಜೀವಿಗೆ ಶಾಸ್ತ್ರದಲ್ಲಿ ಪುನಶ್ಛಾಯಾಗ್ರಾಹಿ ಎಂದು ಹೆಸರು. (ಯಾವ ಶಾಸ್ತ್ರ ಎಂದು ಕೇಳುವವರು ಈ ಗ್ರಂಥಕ್ಕೆ ಅಧಿಕಾರಿಗಳಲ್ಲ.) ಮೊಮ್ಮಗುವಿನ ನಾಮಕರಣದಲ್ಲೂ ಮಗುವಿಗಿಂತ ಮೊದಲು ಕಿಟಕಿಯ ಬೆಳಕನ್ನು ನೋಡುವುದೇ ಇವನ ಮುಖ್ಯ ಲಕ್ಷಣ.

ಅಥ ಪೂರ್ವಾಶ್ರಮ ವಿಚಾರ. ಸಾಧನ: ಆಗ್ಫಾ ಕ್ಲಿಕ್ 3. 120ರ ರೀಲಿಗೆ 12 ಚಿತ್ರ. ಹದಿಮೂರನೆಯದಕ್ಕೆ ಮುಂದಿನ ಸಂಬಳ ಬರಬೇಕು. ಅನುಕೂಲಸ್ಥನಾದರೆ 35 ಎಂಎಂ, 36 ಚಿತ್ರ. ರೀಲು ಕೂರಿಸುವಾಗ ಕೈಚಳಕ ತೋರಿದರೆ ಇನ್ನೊಂದೆರಡು ಹೆಚ್ಚು ಸಿಕ್ಕುತ್ತಿದ್ದವು, ಇವು ದೈವದತ್ತ. ಬಿರುಬಿಸಿಲಿಗೆ ಎಫ್ 16, ನೂರರ ಫಿಲ್ಮಿಗೆ ಷಟರ್ 125 ಎಂಬ ಸೂತ್ರ ಸಂಧ್ಯಾವಂದನೆಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು.

ಅಟ್ಟದಿಂದಿಳಿದ ವಸ್ತುವನ್ನು ಪರೀಕ್ಷಿಸೋಣ. ಚರ್ಮದ ಚೀಲದ ಗುಂಡಿ ಕೈಗೇ ಬರುತ್ತದೆ. ಹಿಂಬದಿಯ ಬಾಗಿಲಂಚಿನ ಸ್ಪಂಜು ಕರಗಿ ಕಪ್ಪು ಅಂಟಾಗಿದೆ. ಲೆನ್ಸನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಗಾಜಿನೊಳಗೆ ಬೂಷ್ಟು ಎಳೆಎಳೆಯಾಗಿ ಬೇರುಬಿಟ್ಟಿದೆ. ಮಲೆನಾಡಿನವರಿಗೆ ಈ ಸಿದ್ಧಿ ಬೇಗ. ಫಿಲ್ಮ್ ಕೇಳಿಕೊಂಡು ಹಳೆಯ ಸ್ಟುಡಿಯೊಗೆ ಹೋದರೆ ಅಲ್ಲೀಗ ಪಾಸ್‌ಪೋರ್ಟ್ ಫೋಟೊ ಮತ್ತು ಜೆರಾಕ್ಸ್. 'ಇಂದು' ಫಿಲ್ಮ್ ಮಾಡುತ್ತಿದ್ದ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯೇ ಮುಚ್ಚಿದೆ.

ಆದಕಾರಣ ಡಿಜಿಟಲ್ ದೀಕ್ಷೆ. ಸೆಕೆಂಡಿಗೆ 20 ಚಿತ್ರ! ರಂಗನತಿಟ್ಟಿನ ದೋಣಿಯಲ್ಲಿ ಕೂತವನು, ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿ ಹಾರುವಷ್ಟರಲ್ಲಿ ಪೂರ್ವಾಶ್ರಮದ ಹಲವು ತಿಂಗಳ ಫಿಲ್ಮ್ ಮುಗಿಸಿರುತ್ತಾನೆ. ಮನೆಗೆ ಬಂದು ನೋಡಿದರೆ ಬಾಲ ಸ್ಪಷ್ಟ, ಕೊಕ್ಕು ಚೌಕಟ್ಟಿನಾಚೆ.

ಪೂರ್ವಪಕ್ಷ ಅಡುಗೆಮನೆಯಿಂದ ಬರುತ್ತದೆ: "ಮೊಬೈಲಲ್ಲೇ ಚೆನ್ನಾಗಿ ಬರುತ್ತಲ್ರೀ?" ಇದಕ್ಕೆ ಯಾವ ಆಚಾರ್ಯರೂ ಭಾಷ್ಯ ಬರೆದಿಲ್ಲ. ಸಿದ್ಧಾಂತಿ ಮೌನವಾಗಿ ಲೆನ್ಸ್ ಒರೆಸುತ್ತಾನೆ. ಎರಡನೆಯ ಆಕ್ಷೇಪ: "ಎಷ್ಟಾಯ್ತು?" ಅರ್ಧ ಬೆಲೆ ಹೇಳುವುದು ಶಿಷ್ಟಸಂಪ್ರದಾಯ.

ಸಿದ್ಧಾಂತವಿಷ್ಟು. ಆಗ ಫಿಲ್ಮಿಗೆ ಕಾಸಿರಲಿಲ್ಲ, ಈಗ ಕೆಳಗೆ ಕೂತರೆ ಏಳಲು ಮಂಡಿ ಇಲ್ಲ. ಹೀಗಾಗಿ ಇವನ ಇತ್ತೀಚಿನ ಕೃತಿಗಳಲ್ಲಿ ಜಗತ್ತೆಲ್ಲ ಐದೂವರೆ ಅಡಿ ಎತ್ತರದಿಂದಲೇ ಕಾಣುತ್ತದೆ. ಆದರೆ ಕಾರ್ಡಿನಲ್ಲಿ ಸಾವಿರಾರು ಚಿತ್ರಕ್ಕೆ ಜಾಗವಿದ್ದರೂ ಹೆಂಡತಿಯ ಮುಖ ತೆಗೆಯುವಾಗ ಮಾತ್ರ ಇವನು ಉಸಿರು ಹಿಡಿದು ಒಂದೇ ಸಲ ಗುಂಡಿ ಒತ್ತುತ್ತಾನೆ. ಆ ಚಿತ್ರ ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ಕುಟುಂಬದವರಲ್ಲಿ ವಿನಂತಿ: "ಸ್ವಲ್ಪ ಬೆಳಕಿನ ಕಡೆ ತಿರುಗು" ಎಂದಾಗ ತಿರುಗಿ. ಲೆನ್ಸಿನ ಬಿಲ್ಲನ್ನು ಹುಡುಕಬೇಡಿ. ಅದು ಸಿಕ್ಕುವ ಜಾಗದಲ್ಲಿಲ್ಲ.