ಗೇಟಿನ ಬೋರ್ಡಿನ ಸನ್ನಿಧಾನಕ್ಕೆ

ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಮುಖ್ಯ ಗೇಟಿನ ಎಡಕ್ಕೆ, ಸೆಕ್ಯುರಿಟಿ ಕ್ಯಾಬಿನ್ನಿಗೆ ಒತ್ತಿಕೊಂಡು ನಿಂತಿರುವ ‘ಅಪಘಾತರಹಿತ ದಿನಗಳು’ ಫಲಕದವರಿಗೆ, ಅದೇ ಗೇಟಿನಲ್ಲಿ ಪಾಸು ತೋರಿಸಿ ಒಳಹೋಗುವ ಗುತ್ತಿಗೆ ಫಿಟ್ಟರೊಬ್ಬನ ನಮಸ್ಕಾರಗಳು.

ಕಾಗದ ಅಂದಮೇಲೆ ‘ಇತ್ತ ನಾವೆಲ್ಲ ಕ್ಷೇಮ’ ಎಂದು ಶುರು ಮಾಡುವುದು ವಾಡಿಕೆ. ಆ ಮಾತನ್ನು ತಾವು ಆಗಲೇ ಎರಡಾಳೆತ್ತರಕ್ಕೆ ಬರೆಸಿಕೊಂಡು ನಿಂತಿರುವುದರಿಂದ ನನ್ನ ಶಾಯಿ ಉಳಿಯಿತು. ತಮ್ಮ ಎದೆಯ ಮೇಲಿನ ಅಂಕಿ ಸಾವಿರ ದಾಟಿದ ದಿನ ಒಳಗೆ ಲಾಡು ಹಂಚಿದರಂತೆ. ‘ಅಂತೆ’ ಯಾಕೆಂದರೆ ಲಾಡು ಬಂದದ್ದು ಕಂಪನಿ ರೋಲಿನವರಿಗೆ. ನಮ್ಮದು ಕಾಂಟ್ರಾಕ್ಟರನ ಮಸ್ಟರು; ಅದರಲ್ಲಿ ಲಾಡಿಗೆ ಕಾಲಂ ಇಲ್ಲ.

ದಿನಾ ಬೆಳಿಗ್ಗೆ ತಮ್ಮ ಅಂಕಿ ಬದಲಿಸುವ ಹೌಸ್‌ಕೀಪಿಂಗ್ ಹುಡುಗನನ್ನು ಗಮನಿಸಿದ್ದೀರೋ ಇಲ್ಲವೋ. ಖಾಲಿ ಎಣ್ಣೆ ಡ್ರಮ್ಮಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ಹತ್ತುತ್ತಾನೆ. ಬೆಲ್ಟಿಲ್ಲ, ಕೆಳಗೆ ಕುರ್ಚಿ ಹಿಡಿದುಕೊಳ್ಳುವವರಿಲ್ಲ. ಅವನು ಬಿದ್ದರೂ ತಾವು ಗಾಬರಿಪಡಬೇಕಾಗಿಲ್ಲ. ಅವನೂ ಗುತ್ತಿಗೆಯವನೇ, ತಮ್ಮ ಲೆಕ್ಕಕ್ಕೆ ಬರುವುದಿಲ್ಲ.

ತಮ್ಮ ಲೆಕ್ಕದ ಜಾಣತನ ನನಗೆ ಪೂರ್ತಿ ಅರ್ಥವಾದದ್ದು ಪ್ರೆಸ್ ಶಾಪಿನ ಹುಡುಗನ ಪ್ರಕರಣದಲ್ಲಿ. ರಾಯಚೂರು ಕಡೆಯವನು. ಪವರ್ ಪ್ರೆಸ್ಸು ಕಚ್ಚಿ ಎಡಗೈಯ ಉಂಗುರದ ಬೆರಳು ಹೋಯಿತು. ಅವನನ್ನು ಇಎಸ್‌ಐ ಆಸ್ಪತ್ರೆಗೆ ಒಯ್ಯಲಿಲ್ಲ; ಅಲ್ಲಿ ಹೋದರೆ ಕಾಗದ ಹುಟ್ಟುತ್ತದೆ. ಹಿಂದಿನ ರಸ್ತೆಯ ನರ್ಸಿಂಗ್ ಹೋಮಿನಲ್ಲಿ ಹೊಲಿಗೆ ಹಾಕಿಸಿದರು. ಮಾರನೆಯ ಬೆಳಿಗ್ಗೆ ಅವನ ರೂಮಿನ ಮುಂದೆ ಕಂಪನಿ ಕಾರು! ಅಂಥ ಮರ್ಯಾದೆ ಅವನಿಗೆ ಮದುವೆಯಲ್ಲೂ ಸಿಕ್ಕಿರಲಿಕ್ಕಿಲ್ಲ. ಸ್ಟೋರಿನಲ್ಲಿ ಫ್ಯಾನಿನ ಕೆಳಗೆ ಕೂರಿಸಿ, ಮುಂದೆ ಒಂದು ರಾಶಿ ವಾಷರು ಸುರಿದು, ಬಲಗೈಯಲ್ಲಿ ಎಣಿಸು ಅಂದರು. 1948ರ ಕಾರ್ಖಾನೆಗಳ ಕಾಯ್ದೆಯ 88ನೇ ಸೆಕ್ಷನ್ನು ಹೇಳುತ್ತಿದ್ದುದಿಷ್ಟು: ಗಾಯಗೊಂಡವನು 48 ಗಂಟೆಯೋ ಅದಕ್ಕೂ ಹೆಚ್ಚೋ ಕೆಲಸ ಮಾಡಲಾಗದೆ ಉಳಿದರೆ ಸರ್ಕಾರಕ್ಕೆ ತಿಳಿಸಬೇಕು. ಹುಡುಗ ವಾಷರು ಎಣಿಸುತ್ತಿದ್ದಾನಲ್ಲ, ಅಂದರೆ ಕೆಲಸದಲ್ಲಿದ್ದಾನೆ. ಹೋದದ್ದು ಬೆರಳು, ಹಾಜರಿಯಲ್ಲ. ತಮ್ಮ ಅಂಕಿ ಎಂದಿನಂತೆ ಒಂದು ಏರಿತು.

ಬೆರಳಿಗೂ ದರಪಟ್ಟಿ ಇದೆ, ಫಲಕದವರೇ. 1923ರ ಹಳೆಯ ಪರಿಹಾರ ಕಾಯ್ದೆಯ ಅನುಸೂಚಿ ತೆರೆದು ನೋಡಿ: ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 14 ನಷ್ಟ, ನಡುಬೆರಳಿಗೆ 12, ಉಂಗುರದ ಬೆರಳೋ ಕಿರುಬೆರಳೋ ಆದರೆ 7, ಹೆಬ್ಬೆರಳಿಗೆ 30. ಈ ಪಟ್ಟಿಯ ಪ್ರಕಾರ ಏಕಲವ್ಯನಿಗೆ ಶೇ 30 ಸಲ್ಲಬೇಕಿತ್ತು. ಸಿಗುತ್ತಿರಲಿಲ್ಲ ಬಿಡಿ. ಅವನೂ ಗುರುಕುಲದ ರೋಲಿನಲ್ಲಿರಲಿಲ್ಲ, ಗೇಟಿನ ಹೊರಗೇ ಕೆಲಸ ಕಲಿತವನು. ‘ಸ್ವಇಚ್ಛೆಯಿಂದ ಕೊಟ್ಟಿರುತ್ತಾನೆ’ ಎಂದು ದ್ರೋಣಾಚಾರ್ಯರು ವಿಚಾರಣಾ ವರದಿ ಬರೆದು ಫೈಲು ಮುಚ್ಚುತ್ತಿದ್ದರು.

ನಮ್ಮ ಹುಡುಗನ ವರದಿಯೂ ಬಂತು. ಕಾರಣ: ಕಾರ್ಮಿಕನ ಅಜಾಗರೂಕತೆ. ಕೈಗೊಂಡ ಕ್ರಮ: ಕಾರ್ಮಿಕರಿಗೆ ತಿಳಿವಳಿಕೆ ನೀಡಲಾಯಿತು. ವರದಿಗೆ ಬಾರದ ಒಂದೆರಡು ಸಣ್ಣ ವಿಷಯ ತಮ್ಮ ಕಿವಿಗೆ ಹಾಕುತ್ತೇನೆ. ಆ ಪ್ರೆಸ್ಸಿಗೆ ಎರಡು ಬಟನ್ನು. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಡೈ ಕೆಳಗೆ ಬರಬೇಕು, ಆಗ ಕೈ ಒಳಗಿರಲು ಸಾಧ್ಯವೇ ಇಲ್ಲ. ಎಂಥ ಚೆಂದದ ಯೋಚನೆ! ಆದರೆ ಎರಡು ಕೈಯಲ್ಲಿ ಒತ್ತಿದರೆ ಗಂಟೆಯ ಪೀಸು ಕಡಿಮೆಯಾಗುತ್ತದೆ. ಅದಕ್ಕೆ ಒಂದು ಬಟನ್ನಿಗೆ ಮರದ ಚೂರು ತುರುಕಿತ್ತು. ತುರುಕಿದವರು ಯಾರೆಂದು ಯಾರೂ ಕೇಳಲಿಲ್ಲ, ಟಾರ್ಗೆಟ್ಟು ಕೊಟ್ಟವರು ಯಾರೆಂದು ಕೇಳುವ ಪ್ರಶ್ನೆಯೇ ಇಲ್ಲ. ಕ್ಲಚ್ಚಿನ ಕೀ ಸವೆದು ಪ್ರೆಸ್ಸು ತಾನಾಗಿ ಎರಡನೇ ಸಲ ಹೊಡೆಯುತ್ತಿದೆ ಎಂದು ನಾನೇ ಇಂಡೆಂಟು ಬರೆದಿದ್ದೆ. ‘ಮುಂದಿನ ಕ್ವಾರ್ಟರಿನಲ್ಲಿ ನೋಡೋಣ’ ಎಂಬ ಷರಾ ಹೊತ್ತು ವಾಪಸು ಬಂತು.

ಅಜಾಗರೂಕತೆ ಎಂಬುದು ಬಹಳ ಹಳೆಯ, ಬಹಳ ಉಪಯುಕ್ತ ಕಾಯಿಲೆ. ಕೂಲಿಯವರಿಗಷ್ಟೇ ತಗಲುತ್ತದೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ವಿಷಾನಿಲ ಸೋರಿದಾಗ, ಎಂಐಸಿ (ಮೀಥೈಲ್ ಐಸೊಸೈನೇಟ್) ಟ್ಯಾಂಕನ್ನು ತಣ್ಣಗಿಡಬೇಕಾದ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡಬೇಕಾದ ಫ್ಲೇರ್ ಟವರಿನ ಪೈಪು ಬಿಚ್ಚಿಟ್ಟಿತ್ತು. ಆದರೂ ಯೂನಿಯನ್ ಕಾರ್ಬೈಡ್ ಪಟ್ಟು ಹಿಡಿದು ಹೇಳಿದ್ದು, ಅಸಮಾಧಾನಗೊಂಡ ಒಬ್ಬ ನೌಕರ ಬೇಕೆಂತಲೇ ಟ್ಯಾಂಕಿಗೆ ನೀರು ಬಿಟ್ಟ ಎಂದು. ಅಷ್ಟು ದೊಡ್ಡ ಕಂಪನಿಗೇ ಒಬ್ಬ ನೌಕರ ಬೇಕಾಯಿತು. ನಮ್ಮ ಮ್ಯಾನೇಜರು ಒಬ್ಬ ರಾಯಚೂರು ಹುಡುಗನನ್ನು ಹುಡುಕಿಕೊಂಡದ್ದು ತಪ್ಪೇ?

ಇನ್ನು ತಮ್ಮ ಕೆಳಗೆ ಬರೆದಿರುವ ನಿಯಮಗಳು. ಹೆಲ್ಮೆಟ್ ಧರಿಸಿ. ಶೂ ಧರಿಸಿ. ಕನ್ನಡಕ ಧರಿಸಿ. ಎಲ್ಲವೂ ನಮಗೆ ಹೇಳಿದ್ದು, ಎಲ್ಲವೂ ಧರಿಸುವುದಕ್ಕೆ ಸಂಬಂಧಿಸಿದ್ದು. ಸೇಫ್ಟಿ ಓದಿದ ಯಾವ ಇಂಜಿನಿಯರನ್ನಾದರೂ ಕೇಳಿ, ಪಾಠ ಬೇರೆ ಇದೆ: ಮೊದಲು ಅಪಾಯವನ್ನೇ ತೆಗೆ, ಆಗದಿದ್ದರೆ ಕಡಿಮೆ ಅಪಾಯದ್ದನ್ನು ತಾ, ಅದೂ ಆಗದಿದ್ದರೆ ಗಾರ್ಡು ಕೂರಿಸು, ಆಮೇಲೆ ಕೆಲಸದ ಕ್ರಮ ತಿದ್ದು, ಇಷ್ಟೆಲ್ಲ ಮುಗಿದ ಮೇಲೂ ಉಳಿದ ಅಪಾಯಕ್ಕೆ ಹೆಲ್ಮೆಟ್ಟು. ನಮ್ಮಲ್ಲಿ ಕೊನೆಯದ್ದೇ ಮೊದಲು, ಮೊದಲಿನದ್ದು ‘ಮುಂದಿನ ಕ್ವಾರ್ಟರಿನಲ್ಲಿ’. 2023ರ ಡಿಸೆಂಬರಿನಲ್ಲಿ ವಿಜಯಪುರದ ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಬಿಹಾರದ ಏಳು ಮಂದಿ ಅಡಿಯಲ್ಲಿ ಸಿಕ್ಕಿ ಸತ್ತರು. ಅಷ್ಟು ಜೋಳದ ಭಾರಕ್ಕೆ ಯಾವ ಬಣ್ಣದ ಹೆಲ್ಮೆಟ್ಟು ಸೂಕ್ತ ಎಂದು ತಾವೇ ಹೇಳಬೇಕು. ಅಂದಹಾಗೆ ನನ್ನ ಶೂ ಕಾಂಟ್ರಾಕ್ಟರು ಕೊಡಿಸಿದ್ದು, ದುಡ್ಡು ನನ್ನ ಪಗಾರದಲ್ಲಿ ಮುರಿದದ್ದು, ಸೈಜು ಹಿಂದೆ ಕೆಲಸ ಬಿಟ್ಟುಹೋದವನದ್ದು.

ಫಿಟ್ಟರನಾದ ನನಗೆ ಎಲ್ಲ ನಿಯಮಗಳಲ್ಲಿ ಪ್ರಿಯವಾದದ್ದು ಬೀಗದ ನಿಯಮ. ಮೆಷೀನಿನೊಳಗೆ ಕೈ ಹಾಕುವ ಮುಂಚೆ ಕರೆಂಟು ತೆಗೆದು, ಪ್ಯಾನೆಲ್ಲಿಗೆ ನನ್ನ ಬೀಗ ಜಡಿದು, ಕೀಲಿಯನ್ನು ನನ್ನ ಜೇಬಿಗೇ ಹಾಕಿಕೊಂಡು, ಒಮ್ಮೆ ಸ್ಟಾರ್ಟ್ ಒತ್ತಿ ಸತ್ತಿದೆಯೇ ಎಂದು ನೋಡಿ ಆಮೇಲೆ ಒಳಗೆ ಹೋಗಬೇಕು. ನಾಲ್ವರು ಕೆಲಸ ಮಾಡಿದರೆ ನಾಲ್ಕು ಬೀಗ. ಇದಕ್ಕಿಂತ ಸರಳವಾದ, ಇದಕ್ಕಿಂತ ಅಗ್ಗವಾದ ನಿಯಮ ಇನ್ನೊಂದಿಲ್ಲ. ಬೀಗಗಳು ನಮ್ಮಲ್ಲೂ ಇವೆ: ಕೆಂಪು ಬಣ್ಣದವು, ಸೇಫ್ಟಿ ಆಫೀಸಿನ ಗಾಜಿನ ಕಪಾಟಿನಲ್ಲಿ, ಆಡಿಟ್ಟಿಗೆ ಬಂದವರಿಗೆ ಕಾಣುವ ಹಾಗೆ. ಕಪಾಟಿಗೂ ಬೀಗ ಹಾಕಿದೆ. ಗುತ್ತಿಗೆಯವರಿಗೆ ಕೊಟ್ಟರೆ ಕಳೆದುಹಾಕುತ್ತಾರಂತೆ. ಹಾಗಾಗಿ ನಮ್ಮ ಪ್ಯಾನೆಲ್ಲಿಗೆ ರಟ್ಟಿನ ತುಂಡೊಂದನ್ನು ದಾರದಲ್ಲಿ ಕಟ್ಟಿ ‘ಕೆಲಸ ನಡೆಯುತ್ತಿದೆ’ ಎಂದು ಬರೆಯುತ್ತೇವೆ. ರಾತ್ರಿ ಪಾಳಿಯಲ್ಲಿ ಅದನ್ನು ಓದಬೇಕಾದವನಿಗೆ ಒಡಿಯಾ ಬಿಟ್ಟು ಬೇರೆ ಅಕ್ಷರ ಬರುವುದಿಲ್ಲ.

ಆಯುಧಪೂಜೆಯ ದಿನ ಮಾತ್ರ ನಮ್ಮ ಕಾರ್ಖಾನೆ ಕಾಯ್ದೆಯ ಪ್ರಕಾರ ನಡೆಯುತ್ತದೆ. ಎಲ್ಲ ಮೆಷೀನೂ ನಿಂತಿರುತ್ತವೆ, ತೊಳೆದಿರುತ್ತವೆ. ಮೂಲೆಯಲ್ಲಿ ಬಿದ್ದಿದ್ದ ಗಾರ್ಡುಗಳು ಕುಂಕುಮ ಹಚ್ಚಿಸಿಕೊಳ್ಳಲಿಕ್ಕೆಂದು ತಮ್ಮ ಜಾಗಕ್ಕೆ ಬರುತ್ತವೆ. ಫೋರ್ಕ್‌ಲಿಫ್ಟಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಓಡಿಸಿದರೆ ಆ ವರ್ಷದ ರಿಸ್ಕ್ ಅಸೆಸ್‌ಮೆಂಟು ಮುಗಿಯಿತು. ಬ್ರೇಕು ಸಡಿಲವಾಗಿರುವುದು ನಿಂಬೆಹಣ್ಣಿಗೂ ಗೊತ್ತು.

ನಗೆಯಾಡಲು ಬಾರದ ಜಾಗವೊಂದಿದೆ, ಟ್ಯಾಂಕು. 2022ರ ಏಪ್ರಿಲಿನಲ್ಲಿ ಮಂಗಳೂರಿನ ಬಜ್ಪೆ ಹತ್ತಿರದ ಮೀನು ಸಂಸ್ಕರಣಾ ಘಟಕದಲ್ಲಿ ಒಬ್ಬ ತ್ಯಾಜ್ಯದ ಟ್ಯಾಂಕಿಗೆ ಬಿದ್ದ. ಅವನನ್ನು ಎತ್ತಲು ಜೊತೆಯವರು ಇಳಿದರು. ಐವರು ಹೋದರು, ಎಲ್ಲ ಪಶ್ಚಿಮ ಬಂಗಾಳದವರು. ಕೊಳೆತದ್ದರಿಂದ ಬರುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ; ಪ್ರಮಾಣ ಏರಿದ ಮೇಲೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು ಎಂದು ಇಳಿದವನು ಮೇಲೆ ಬರುವುದಿಲ್ಲ. ಇದೆಲ್ಲ ಗೊತ್ತಿದ್ದೇ ಕಾರ್ಖಾನೆಗಳ ಕಾಯ್ದೆಯ 36ನೇ ಸೆಕ್ಷನ್ನು ಬರೆದರು: ಬಲ್ಲವರು ಒಳಗಿನ ಗಾಳಿ ಪರೀಕ್ಷಿಸಿ ಬರಹದಲ್ಲಿ ಕೊಡಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಉಪಕರಣ, ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಹೊರಗೆ ನಿಂತ ಮನುಷ್ಯನ ಕೈಯಲ್ಲಿ. ಆ ಕೊನೆಯ ಮಾತು ಬರೆದವರಿಗೆ ಟ್ಯಾಂಕಿನೊಳಗೆ ಯಾರೋ ಗೊತ್ತಿದ್ದವರಿದ್ದರು ಅನಿಸುತ್ತದೆ.

ಟ್ಯಾಂಕಿಗೆ ಇಳಿಯುವ ನಮ್ಮ ಪರ್ಮಿಟ್ಟುಗಳಲ್ಲಿ ಆಮ್ಲಜನಕ ಯಾವಾಗಲೂ ಶೇ 20.9. ಬೆಟ್ಟದ ಮೇಲಿನ ಗಾಳಿಯೂ ಅಷ್ಟೇ, ನಮ್ಮ ಇಟಿಪಿ (ಕೊಳಕು ನೀರು ಶುದ್ಧೀಕರಿಸುವ ಘಟಕ) ಟ್ಯಾಂಕಿನ ತಳದ ಗಾಳಿಯೂ ಅಷ್ಟೇ, ಮೀಟರಿನ ಬ್ಯಾಟರಿ ಸತ್ತ ದಿನವೂ ಅಷ್ಟೇ. ವಾರದ ಪರ್ಮಿಟ್ಟುಗಳಿಗೆ ಸೋಮವಾರವೇ ಸಹಿ ಬೀಳುವುದರಿಂದ ಶುಕ್ರವಾರದ ಗಾಳಿಯೂ ನಮಗೆ ಮುಂಗಡವಾಗಿ ಗೊತ್ತಿರುತ್ತದೆ.

ಸರ್ಕಾರವೂ ಲೆಕ್ಕದಲ್ಲಿ ತಮಗಿಂತೇನೂ ಕಡಿಮೆಯಿಲ್ಲ. 2023ರಲ್ಲಿ ಕರ್ನಾಟಕವು ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳ ಓಟಿಯ ಮಿತಿ 75 ಗಂಟೆಯಿಂದ 145ಕ್ಕೆ ಏರಿತು. ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕಂತೆ. ಒಪ್ಪಿಗೆ ಕೊಡದವನ ಗೇಟ್‌ಪಾಸು ಮರುದಿನ ಸ್ಕ್ಯಾನ್ ಆಗುವುದಿಲ್ಲ, ಅಷ್ಟೇ. ಕೇಂದ್ರದ ಹೊಸ ಸುರಕ್ಷತಾ ಸಂಹಿತೆಯಲ್ಲಿ ವಿದ್ಯುತ್ ಬಳಸುವ ಕಾರ್ಖಾನೆ ‘ಕಾರ್ಖಾನೆ’ ಅನಿಸಿಕೊಳ್ಳಲು 10ರ ಬದಲು 20 ಮಂದಿ ಬೇಕು, ಗುತ್ತಿಗೆ ಕಾನೂನು ಅನ್ವಯಿಸಲು 20ರ ಬದಲು 50. ಪೀಣ್ಯದ ಅಡ್ಡರಸ್ತೆಗಳಲ್ಲಿ ಒಂದು ಶಟರು, ಎರಡು ಲೇಥು, ಮೂರು ಪ್ರೆಸ್ಸು ಇಟ್ಟುಕೊಂಡವರು ಇದನ್ನು ಓದಿ ನಿಟ್ಟುಸಿರು ಬಿಟ್ಟಿರಬೇಕು. ಇನ್‌ಸ್ಪೆಕ್ಟರೂ ಈಗ ಬರೀ ಇನ್‌ಸ್ಪೆಕ್ಟರಲ್ಲ, ‘ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್’. ತನಿಖೆಯೂ ಅವರದೇ, ನೆರವೂ ಅವರದೇ. ಅತ್ತೆಯನ್ನೇ ಸೊಸೆಯ ಪರ ವಕೀಲೆಯನ್ನಾಗಿ ನೇಮಿಸಿದ ಹಾಗಾಯಿತು.

ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಾಚರಣೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿ ಇಂಗ್ಲಿಷಿನಲ್ಲಿ ಪ್ರತಿಜ್ಞೆ ಬೋಧಿಸಿದರು, ನಾವು ಬಾಯಾಡಿಸಿದೆವು. ಘೋಷಣೆ ಸ್ಪರ್ಧೆಯಲ್ಲಿ ಎಚ್‌ಆರ್ ವಿಭಾಗದವರಿಗೆ ಮಿಕ್ಸಿ ಬಂತು.

ಈಗ ಮುಖ್ಯ ವಿಷಯ. ಮುಂದಿನ ಭಾನುವಾರ ಇಟಿಪಿ ಟ್ಯಾಂಕು ಕ್ಲೀನಿಂಗ್ ಇದೆ. ಭಾನುವಾರ ಯಾಕೆಂದರೆ ಅವತ್ತು ಸೇಫ್ಟಿ ಆಫೀಸರಿಗೆ ರಜೆ. ಪರ್ಮಿಟ್ಟು ಆಗಲೇ ಸಿದ್ಧ, ಆಮ್ಲಜನಕ 20.9. ಇಳಿಯುವವರ ಹೆಸರು ಕಾಂಟ್ರಾಕ್ಟರು ಬರೆದುಕೊಟ್ಟಿದ್ದಾನೆ, ಅದರಲ್ಲಿ ನನ್ನದೂ ಇದೆ. ಹೊರಗೆ ಹಗ್ಗ ಹಿಡಿಯುವವರ ಹೆಸರಿನ ಮುಂದೆ ಮಾತ್ರ ಗೀಟು ಎಳೆದಿದ್ದಾರೆ. ಸುಮ್ಮನೆ ನಿಲ್ಲುವವನಿಗೆ ಕೂಲಿ ಯಾರು ಕೊಡುತ್ತಾರೆ ಎಂಬುದು ಅವರ ಪ್ರಶ್ನೆ. ತಾವು ಹೇಗೂ ಮೂರು ಪಾಳಿಯಲ್ಲೂ ಕೂಲಿಯಿಲ್ಲದೆ ಸುಮ್ಮನೆ ನಿಂತೇ ಇರುತ್ತೀರಿ. ಆವತ್ತೊಂದು ದಿನ ಟ್ಯಾಂಕಿನ ಪಕ್ಕಕ್ಕೆ ಬರುತ್ತೀರಾ? ಗಟ್ಟಿ ಕಬ್ಬಿಣದ ಕಾಲು ತಮ್ಮದು, ನಾಲ್ಕು ಹಗ್ಗ ಕಟ್ಟಬಹುದು. ಬರಲಾಗದಿದ್ದರೆ ಶನಿವಾರ ಸಂಜೆಯೊಳಗೆ ಸೆಕ್ಯುರಿಟಿಯವರ ಹತ್ತಿರ ಹೇಳಿಕಳಿಸಿ. ನಾವು ನಾಲ್ವರೂ ಇಳಿಯುವುದಿಲ್ಲ ಎಂದು ಬರೆದುಕೊಡಲು ಕಾಗದ ತಂದಿಟ್ಟುಕೊಂಡಿದ್ದೇವೆ, ಮೂವರು ಸಹಿ ಹಾಕಿದ್ದಾರೆ, ಒಬ್ಬ ಹೆಬ್ಬೆಟ್ಟು ಒತ್ತಿದ್ದಾನೆ.

ಇಂತಿ,
ಗೇಟ್‌ಪಾಸು ಚಾಲ್ತಿಯಲ್ಲಿರುವವರೆಗೆ ತಮ್ಮ ವಿಧೇಯ,
ಮೇಂಟೆನೆನ್ಸ್ ಗುತ್ತಿಗೆಯ ಫಿಟ್ಟರು