ಎಂಟು ಪಿನ್ನು ಎಲ್ಲಿಂದ ತರ್ಲಿ?

ಕಂದಿಕೆರೆಯ ಒಂದು ಮನೆಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಬಂತು, ಹಾಕಿದರೆ ಪರದೆಯಲ್ಲಿ ಚಿತ್ರವೇ ಬರಲಿಲ್ಲ. ಬೈಸಿಕೊಂಡದ್ದು ಮಾತ್ರ ಹಳೇ ಡೆಸ್ಕ್‌ಟಾಪು. ಅದರ ಮಾತನ್ನೂ ಕೇಳೋಣವೆಂದು ಕೊಬ್ಬರಿ ಅಟ್ಟದ ಕೆಳಗಿನ ಕೋಣೆಗೆ ಹೋದೆ. ಪಕ್ಕದ ತಗಡು ಬಿಚ್ಚಿಟ್ಟಿದ್ದರು.

ಏನು ಕಾಯಿಲೆ?

ಕಾಯಿಲೆ ನಂದಲ್ಲ ಸ್ವಾಮಿ. ಫ್ಯಾನ್ ತಿರುಗ್ತದೆ, ಲೈಟು ಹತ್ತುತ್ತದೆ, ಪರದೆ ಮೇಲೆ ‘ನೋ ಸಿಗ್ನಲ್’. ಮೊದಲು ಕೇಬಲ್ಲನ್ನ ಬೋರ್ಡಿನ ತೂತಿಗೇ ಚುಚ್ಚಿದ್ರು, ಕಾರ್ಡಿಗೆ ಹಾಕಿರ್ಲಿಲ್ಲ. ಹೋಗ್ಲಿ, ಹುಡುಗ್ರು. ಅಸಲಿ ವಿಷಯ ಕರೆಂಟು ಹಂಚೋ ಡಬ್ಬಿ, ಎಸ್‌ಎಂಪಿಎಸ್. ಬಂದಿರೋದು ಆರ್‌ಟಿಎಕ್ಸ್ 3060, ಅದರ ಹಸಿವು 170 ವ್ಯಾಟು. ನನ್ನ ಸ್ಲಾಟು ಕೊಡೋದು ಹೆಚ್ಚಂದ್ರೆ 75. ಮಿಕ್ಕಿದ್ದಕ್ಕೆ ಎಂಟು ಪಿನ್ನಿನ ಬೇರೆ ವೈರು ಬೇಕು. ನನ್ನ ಎಸ್‌ಎಂಪಿಎಸ್‌ನಲ್ಲಿ ಆ ವೈರೇ ಇಲ್ಲ. ಎಲ್ಲಿಂದ ತರ್ಲಿ?

ಡಬ್ಬಿ ಮೇಲೆ 450 ವ್ಯಾಟ್ ಅಂತ ಬರೆದಿದೆಯಲ್ಲ?

ಬರೀತಾರೆ! ಚೀಲ, ಹಗ್ಗ ಎಲ್ಲ ಸೇರಿಸಿ ಕೊಬ್ಬರಿ ತೂಕ ಬರೆದಂಗೆ. ಕಾರ್ಡಿಗೆ ಬೇಕಾಗಿರೋದು 12 ವೋಲ್ಟಿನ ಸಾಲಿನ ಕರೆಂಟು. ಆ ಸಾಲು ಎಷ್ಟು ಹೊರುತ್ತೆ ಅಂತ ಸಣ್ಣಕ್ಷರದಲ್ಲಿರುತ್ತೆ, ಅದನ್ನ ಯಾರೂ ಓದಲ್ಲ. ಕಾರ್ಡಿನೋರೇ 550 ವ್ಯಾಟಿನ ಎಸ್‌ಎಂಪಿಎಸ್ ಇರ್ಲಿ ಅಂದವ್ರೆ. ಈ ಮನೆ ಹುಡುಗ ಹಾರ್ಡ್ ಡಿಸ್ಕಿನ ವೈರಿಗೆ ಅಡಾಪ್ಟರ್ ಸಿಕ್ಕಿಸಿ ಎಂಟು ಪಿನ್ ಮಾಡ್ದ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು.

ಒಳಗೆ ಎರಡು ಹಲ್ಲಿಮೊಟ್ಟೆ, ಫ್ಯಾನಿನ ರೆಕ್ಕೆಗೆಲ್ಲ ಅಟ್ಟದಿಂದ ಉದುರಿದ ನಾರು ಸುತ್ತಿಕೊಂಡಿದೆ. ಇದಕ್ಕೇನಂತೀಯ?

ಎಸ್‌ಎಂಪಿಎಸ್ ಸರಿ ಇದ್ದಿದ್ರೆ…

ಬಯೋಸು? ನಿನ್ನದು 2012ರ ಬೋರ್ಡು. ಯುಇಎಫ್‌ಐ ಇಲ್ಲದಿದ್ದರೆ ಹೊಸ ಕಾರ್ಡುಗಳು ಬಾಯಿ ಬಿಡೋಲ್ಲ ಅಂತಾರೆ.

ಅದೂ ಇರಬೌದು. ಕಾರ್ಡು ಕಿತ್ತು ಹಳೇ ಪೋರ್ಟಿಗೆ ಮಾನಿಟರ್ ಹಾಕ್ಲಿ. ಚಿತ್ರ ಬಂದ್ರೆ ನಾನು ಬದುಕಿದೀನಿ ಅಂತ ಲೆಕ್ಕ. ಆಮೇಲೆ ಬಯೋಸ್ ಅಪ್‌ಡೇಟ್ ಮಾಡ್ಲಿ, ಗುಂಡಿ ಬ್ಯಾಟರಿ ತೆಗೆದು ಹಾಕ್ಲಿ. ಅದೆಲ್ಲ ಐದು ನಿಮಿಷದ ಕೆಲಸ. ನಾನು ಎಸ್‌ಎಂಪಿಎಸ್ ಬಗ್ಗೆ ಹೇಳ್ತಾ ಇದ್ದೆ…

ಇರು, ನಾನು ಬಂದದ್ದೇ ಇದಕ್ಕೆ. ಈ ಮನೆಗೆ ವೋಲ್ಟೇಜ್ ಎಷ್ಟು ಬರುತ್ತೆ?

ಹಗಲು ಪರವಾಗಿಲ್ಲ. ರಾತ್ರಿ ತ್ರೀಫೇಸ್ ಕೊಟ್ಟ ತಕ್ಷಣ ಸುತ್ತಲ ತೋಟದ ಮೋಟರೆಲ್ಲ ಒಟ್ಟಿಗೆ ಎದ್ದೇಳ್ತವೆ. ಬಲ್ಬು ಕೆಂಪಗಾಗುತ್ತೆ. ನಾನು ರೀಸ್ಟಾರ್ಟ್ ಆಗ್ತೀನಿ. ಹುಡುಗ ‘ಕಾರ್ಡ್ ಡಿಫೆಕ್ಟು’ ಅಂತಾನೆ.

ತ್ರೀಫೇಸ್ ರಾತ್ರಿಯೇ ಯಾಕೆ ಕೊಡ್ತಾರೆ?

ನನ್ನ ಕೇಳ್ತೀರಾ? ನಾನು ಡೆಸ್ಕ್‌ಟಾಪು.

ಕೇಳೋಕೆ ಬೇರೆ ಯಾರೂ ಸಿಗ್ತಿಲ್ಲ. ದಿನಕ್ಕೆ ಏಳು ಗಂಟೆ ಕೊಡ್ತೀವಿ ಅಂತಾರೆ ಸರ್ಕಾರದವರು. 2023ರ ಬರದಲ್ಲಿ ಅದನ್ನೂ ಐದಕ್ಕಿಳಿಸಿದರು. ಆ ಗಂಟೆಗಳು ಬರೋದು ಯಾವಾಗ? ಹುಡುಗನ ಅಪ್ಪ ಸರಿರಾತ್ರಿ ಟಾರ್ಚ್ ಹಿಡಿದು ತೋಟದ ಮೋಟರ್ ಹಾಕೋಕೆ ಹೋಗ್ತಾನೆ. ಮದಲಿಂಗನ ಕಣಿವೆ ಕಡೆ ಕರಡಿ ಇದೆ, ಚಿರತೆ ಇದೆ, ಬದುವಿನ ಮೇಲೆ ಹಾವಿದೆ. 10 ಎಚ್‌ಪಿವರೆಗೆ ಪುಕ್ಕಟೆ ಕೊಡ್ತೀವಲ್ಲ ಅನ್ನೋದು ಅವರ ಉತ್ತರ. ಪುಕ್ಕಟೆಯಾದ ಮಾತ್ರಕ್ಕೆ ಜೀವ ಕೈಯಲ್ಲಿ ಹಿಡಿದು ಸ್ಟಾರ್ಟರ್ ಒತ್ತಬೇಕಾ? ಹಗಲು ಹೊತ್ತು ಕೊಡಿ, ಬಿಲ್ಲು ಕಟ್ಟುತ್ತೀವಿ ಅನ್ನುವ ರೈತರನ್ನು ನಾನೇ ಬಲ್ಲೆ. ಅವರನ್ನು ಯಾರು ಕೇಳಿದ್ದಾರೆ? ಮನುಷ್ಯ ಸತ್ತ ಮೇಲೆ ಪರಿಹಾರದ ಚೆಕ್ಕು ಹಿಡಿದು ಫೋಟೋ ತೆಗೆಸಿಕೊಳ್ಳೋಕೆ ಮಾತ್ರ ಹಗಲಲ್ಲೇ ಬರ್ತಾರೆ.

(ಸ್ವಲ್ಪ ಹೊತ್ತು ಫ್ಯಾನ್ ಸದ್ದು.)

ಸರಿ. ಕಾರ್ಡಿಗೆ ದುಡ್ಡು ಎಲ್ಲಿಂದ ಬಂತು?

ಅಟ್ಟದಿಂದ. 2023ರಲ್ಲಿ ಕ್ವಿಂಟಾಲ್ ಕೊಬ್ಬರಿಗೆ ಬೆಂಬಲ ಬೆಲೆ 11,750 ಇದ್ದಾಗ ತಿಪಟೂರು ಮಾರ್ಕೆಟ್ಟಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಕೇಳಿದ್ರು. ಆಗ ನನಗೆ ಒಂದು ಮೌಸೂ ಬರಲಿಲ್ಲ. 2025ರಲ್ಲಿ ರೇಟು 20,000 ದಾಟ್ತು. ಅಪ್ಪ ಹೊಸಾ ಮೋಟರ್ ಅಂದ, ಮಗ ಕಾರ್ಡ್ ಅಂದ.

ಗೆದ್ದೋನು ಮಗ. ಈಗ ಮುಂದೇನು?

ಹೊಸಾ ಎಸ್‌ಎಂಪಿಎಸ್ ತರ್ತಾರಂತೆ. ನಾನು ಬಡ್ಕೊಂಡಿದ್ದೂ ಅದನ್ನೇ. ಆದ್ರೆ ಅಷ್ಟಕ್ಕೆ ನಿಲ್ಲಲ್ಲ. ಕಾರ್ಡಿಗೆ ತಕ್ಕ ಪ್ರೊಸೆಸರ್ ಬೇಕು ಅಂತಾರೆ, ಪ್ರೊಸೆಸರ್ ತಂದ್ರೆ ಬೋರ್ಡು ಸಾಲದು. ಬೋರ್ಡು ಬದಲಾದ್ರೆ ನನ್ನ ಡಿಡಿಆರ್3 ರ್‍ಯಾಮ್ ಅದರಲ್ಲಿ ಕೂರಲ್ಲ. ಕಾರ್ಡಿನ ಉದ್ದಕ್ಕೆ ಹಾರ್ಡ್ ಡಿಸ್ಕಿನ ಗೂಡು ಅಡ್ಡ ಬರುತ್ತೆ, ಹೊರಗಿನ ಡಬ್ಬಿನೂ ಹೋಗುತ್ತೆ.

ನಿನ್ನದು ಅಂತ ಏನು ಉಳಿಯುತ್ತೆ?

ಕೀಬೋರ್ಡು. ಅದರಲ್ಲೂ ಎಂಟರ್ ಒತ್ತಿದ್ರೆ ಎರಡು ಸಲ ಬೀಳ್ತದೆ.